ಬಾಗಿಲಲ್ಲಿ ನಿಂತ ತವರು

ಏಲಕ್ಕಿ ಹಾಕದ ಸಿಹಿಯನ್ನು ಸ್ವರ್ಣಕ್ಕ ಸಿಹಿ ಎಂದು ಒಪ್ಪುತ್ತಲೇ ಇರಲಿಲ್ಲ. ಪಾಯಸವಾಗಲಿ, ಹೋಳಿಗೆಯಾಗಲಿ, ಕೊನೆಗೆ ಬಿಲ್ಡಿಂಗಿನ ಕೆಳಗಿನ ಕೆಫೆಟೇರಿಯಾದಿಂದ ತಂದ ಕೇಕಾಗಲಿ, ಒಂದು ಚೂರು ಬಾಯಿಗಿಟ್ಟು ಮೂಗೆತ್ತಿ, “ಏಲಕ್ಕಿ ಇಲ್ಲ ಮಾರಾಯ್ರೆ, ಎಂತ ರುಚಿ ಇದಕ್ಕೆ?” ಎನ್ನುವ ಹೆಂಗಸು. ಅಂಥವಳು ಒಂದು ದಿನ ತನ್ನ ಏಲಕ್ಕಿ ಡಬ್ಬಿಯನ್ನೇ ತಂದು ನನ್ನ ಕೈಗಿಟ್ಟು, “ಬಯಕೆ ಮುಗಿಯುವವರೆಗೆ ಇದು ನಿಮ್ಮಲ್ಲಿ ಇರ್ಲಿ. ನಾನು ಬಂದು ಕೇಳಿದ್ರೂ ಕೊಡ್ಬೇಡಿ” ಎಂದಳು. ಅದು ಏಕೆ ಎಂದು ಹೇಳುತ್ತೇನೆ. ಹೇಳಲೇಬೇಕು. ಆ ಬಯಕೆಯ ಊಟದ ಕಥೆಯನ್ನು ದುಬೈಯ ನಮ್ಮ ಜನ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಉಪ್ಪುಖಾರ ಹಚ್ಚಿ ಹೇಳಿಕೊಂಡು ತಿರುಗುತ್ತಿದ್ದಾರೆ. ಸ್ವರ್ಣಲತಾ ಗಂಡನ ಅಕ್ಕನನ್ನು ಮನೆಯಿಂದ ಹೊರಗೆ ಹಾಕಿದಳಂತೆ ಎಂದು ಒಬ್ಬಳು ನನಗೇ ಹೇಳಿದಳು. ನನಗೆ ಮೈಯೆಲ್ಲ ಉರಿಯಿತು. ಹೊರಗೆ ನಿಂತವಳು ಸ್ವರ್ಣಕ್ಕ. ನಾನು ಕಣ್ಣಾರೆ ಕಂಡವಳು.

ನಾನು ಕೋಕಿಲಾ, ಮೈಸೂರಿನವಳು. ಮುಹೈಸ್ನಾದ ಒಂದು ಬಿಲ್ಡಿಂಗಿನಲ್ಲಿ ನಮ್ಮ ಫ್ಲ್ಯಾಟೂ ಸ್ವರ್ಣಕ್ಕನ ಫ್ಲ್ಯಾಟೂ ಎದುರುಬದುರು. ನಡುವೆ ಕಾರಿಡಾರ್, ಪಕ್ಕದಲ್ಲಿ ಲಿಫ್ಟ್. ಅವರ ಮನೆಯಲ್ಲಿ ಮೀನು ಹುರಿದರೆ ನನ್ನ ಮನೆಯ ಪರದೆಗೆಲ್ಲ ವಾಸನೆ. ಮೊದಲ ವರ್ಷ ಅದಕ್ಕೇ ಜಗಳ ಆಡಿದ್ದೆವು. ಆಮೇಲೆ ನನಗೆ ಟೈಫಾಯ್ಡ್ ಬಂದು ಮಲಗಿದಾಗ ದಿನಾ ಗಂಜಿ ತಂದುಕೊಟ್ಟು ನನ್ನ ಬಾಯಿ ಮುಚ್ಚಿಸಿದಳು.

ಸ್ವರ್ಣಕ್ಕನ ಊರು ಕಾರ್ಕಳದ ಹತ್ತಿರ. ಮದುವೆಗೆ ಮುಂಚೆ ಬೀಡಿ ಕಟ್ಟುತ್ತಿದ್ದವಳು. ಗಂಡ ಶೀನಪ್ಪನವರು ರಾಸ್ ಅಲ್ ಖೋರ್‌ನ ಒಂದು ಗ್ಯಾರೇಜಿನಲ್ಲಿ ಫೋರ್‌ಮನ್. ಆ ಗ್ಯಾರೇಜು ಅವರ ಅಕ್ಕ ಗುಲಾಬಿಯ ಗಂಡನದು. ವೀಸಾ ಕೊಟ್ಟು ಕರೆಸಿಕೊಂಡವರೂ ಅವರೇ. ಹಾಗಾಗಿ ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎಂಬ ಮಾತನ್ನು ಶೀನಪ್ಪನವರು ಬೆಳಿಗ್ಗೆ ಎದ್ದರೆ ಒಂದು ಸಲ, ಮಲಗುವಾಗ ಒಂದು ಸಲ ಹೇಳುತ್ತಿದ್ದರು. ಸ್ವರ್ಣಕ್ಕ ಮಿರ್ದಿಫ್‌ನ ಒಂದು ನರ್ಸರಿಯಲ್ಲಿ ಆಯಾ. ಕಂಡವರ ಮಕ್ಕಳ ಮೂಗು ಒರೆಸಿ, ಅರಬಿ, ಇಂಗ್ಲಿಷು, ಹಿಂದಿ ಎಲ್ಲವನ್ನೂ ಒಂದೊಂದು ಮುಷ್ಟಿ ಕಲಿತು, ಮಗ ಲತೇಶನನ್ನು ಓದಿಸಿದವಳು.

ಲತೇಶ ರೊವೇನಾಳನ್ನು ಮದುವೆಯಾದ. ಅವಳು ಫಿಲಿಪೈನ್ಸಿನ ಬೊಹೋಲ್ ಎಂಬ ದ್ವೀಪದವಳು, ಇಲ್ಲಿ ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ. ಸುದ್ದಿ ಕೇಳಿ ಮೂರ್ಛೆ ಹೋಗುವವರಂತೆ ಮಾಡಿದವರು ಗುಲಾಬಕ್ಕ. ಮತ್ತೆ ತಾವೇ ಎದ್ದು ಕೂತು ಪರಿಹಾರವನ್ನೂ ಹೇಳಿದರು. ಊರಿನಲ್ಲಿ ಹೊರಗಿನ ಹೆಣ್ಣನ್ನು ತರುವಾಗ ಜಾತಿಯ ಯಾರಾದರೂ ದಂಪತಿ ಅವಳನ್ನು ಮಗಳೆಂದು ತೆಗೆದುಕೊಂಡು ಧಾರೆ ಎರೆದುಕೊಡುವುದು ಉಂಟಲ್ಲ, ಹಾಗೆ ಗುಲಾಬಕ್ಕನೂ ಅವರ ಗಂಡನೂ ಉಡುಪಿಯ ಒಂದು ಕಲ್ಯಾಣಮಂಟಪದಲ್ಲಿ ರೊವೇನಾಳನ್ನು ಧಾರೆ ಎರೆದುಕೊಟ್ಟರು. ಅಕ್ಷಿತಾ ಎಂದು ಹೊಸ ಹೆಸರನ್ನೂ ಇಟ್ಟರು. ರೊವೇನಾಳ ತಾಯಿ ನೆನಿತಾಗೆ ಅಷ್ಟು ದೂರ ಬರಲು ಆಗಲಿಲ್ಲ. ಯಾರಾದರೂ ಹೆಸರು ಕೇಳಿದರೆ ಆ ಹುಡುಗಿ “ಅಕ್ಷಿತಾ” ಎಂದು ಅಂಗಡಿಯ ಬೋರ್ಡು ಓದಿದ ಹಾಗೆ ಹೇಳುತ್ತಿತ್ತು. ಸ್ವರ್ಣಕ್ಕ ಮಾತ್ರ ಮನೆಯಲ್ಲಿ ರೊವೇನಾ ಎಂದೇ ಕರೆಯುತ್ತಿದ್ದಳು. “ಅವಳ ಅಮ್ಮ ಇಟ್ಟದ್ದನ್ನು ಕೀಳ್ಲಿಕ್ಕೆ ನಾವ್ಯಾರು?” ಎಂದು ನನ್ನೆದುರು ಗೊಣಗುತ್ತಿದ್ದಳು. ಹೊರಗೆ ಹೇಳುತ್ತಿರಲಿಲ್ಲ.

ಮರುವರ್ಷ, ಎರಡು ಸಾವಿರದ ಹದಿನೆಂಟರಲ್ಲಿ, ರೊವೇನಾ ಬಸುರಿ. ಏಳನೇ ತಿಂಗಳು ಹತ್ತಿರ ಬಂತು. ತುಳುವರಲ್ಲಿ ಆಗ ಬಯಕೆ ಮಾಡುತ್ತಾರೆ. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಬಾಳೆಲೆಯ ಮುಂದೆ ಕೂರಿಸಿ ಬಗೆಬಗೆ ತಿಂಡಿ ಬಡಿಸುವುದು. ಶೀನಪ್ಪನವರ ಕುಟುಂಬದಲ್ಲಿ ಒಂದು ಕಟ್ಟುನಿಟ್ಟು: ಎಲೆಗೆ ಮೊದಲು ಬೀಳಬೇಕಾದದ್ದು ತವರಿನಿಂದ ಬಂದ ಸಿಹಿ. ತವರಿನವರು ಬಾಗಿಲಲ್ಲಿ ನಿಲ್ಲಬೇಕು, ಗಂಡಿನ ಮನೆಯ ಹಿರಿಯ ಹೆಂಗಸು ಬೆಲ್ಲ, ನೀರು ಕೊಟ್ಟು ಒಳಗೆ ಕರೆಯಬೇಕು. ಆಮೇಲೆ ಉಳಿದದ್ದು.

ಒಂದು ಶುಕ್ರವಾರ ಗುಲಾಬಕ್ಕ ಮಿರ್ದಿಫ್‌ನ ವಿಲ್ಲಾದಿಂದ ಬಂದು ಸ್ವರ್ಣಕ್ಕನ ಸೋಫಾದಲ್ಲಿ ಕೂತರು. ನಾನೂ ಇದ್ದೆ. ನಾನಿದ್ದರೆ ಅವರು ಕನ್ನಡದಲ್ಲೇ ಮಾತನಾಡುತ್ತಿದ್ದರು, ಅಷ್ಟು ಮರ್ಯಾದೆ ಉಂಟು.

“ಸಿಹಿ ಎಲ್ಲ ನಾನೇ ತರ್ತೇನೆ ಸ್ವರ್ಣ. ನೀನು ಎಂತ ಮಾಡುದೂ ಬೇಡ. ಧಾರೆ ಎರೆದದ್ದು ನಾವು, ಅಕ್ಷಿತನ ತವರು ನಾವೇ ಅಲ್ವಾ?”

“ಅವಳಿಗೆ ಅಮ್ಮ ಉಂಟು ಅಕ್ಕ,” ಎಂದಳು ಸ್ವರ್ಣಕ್ಕ. “ಅಮ್ಮ ಇರುವವಳಿಗೆ ಬೇರೆ ತವರು ಎಂತಕ್ಕೆ?”

“ಇದ್ರೆ ಎಲ್ಲಿ? ಬರ್ತಾಳಾ?”

“ಬರ್ಲಿಕ್ಕೆ ಆಗುದಿಲ್ಲ. ಅವಳ ಸಿಹಿ ಬರ್ತದೆ. ಬಿಕೋ ಅಂತ ಉಂಟು ಅವರಲ್ಲಿ. ನಾನು ಮಾಡ್ತೇನೆ.”

ಗುಲಾಬಕ್ಕನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. “ಬಯಕೆ ಎಲೆಗೆ ಕಂಡವರ ತಿಂಡಿ ಬೀಳುದಾ? ಆ ಜನ ಎಂತೆಂತ ಬೇಯಿಸ್ತಾರೆ ಅಂತ ಗೊತ್ತುಂಟಾ ನಿಂಗೆ? ಹಾಗೆ ಮಾಡುದಾದ್ರೆ ಹೋಟೆಲಲ್ಲಿ ಬೇಬಿ ಶವರ್ ಅಂತ ಮಾಡಿ, ಬಲೂನು ಕಟ್ಟಿ. ಬಯಕೆ ಅಂತ ನಮ್ಮ ಹೆಸ್ರು ತೆಗಿಬೇಡಿ.” ಎದ್ದು ಹೊರಡುವಾಗ ತಮ್ಮನ ಕಡೆ ತಿರುಗಿ, “ಶೀನ, ನಿಂಗೆ ಹೇಳಿದ್ದೇನೆ” ಎಂದರು.

ಶೀನಪ್ಪನವರು ಆ ವಾರವೆಲ್ಲ ಹೆಂಡತಿಯ ಹಿಂದೆ ಸುತ್ತಿದರು. “ಒಂದು ಎಲೆ, ಒಂದು ತುತ್ತು. ಅದಕ್ಕೆ ಇಷ್ಟು ಗಲಾಟೆಯಾ? ನಾಳೆ ನಾನು ಭಾವನ ಮುಖ ಹೇಗೆ ನೋಡುದು?” ಎಂದು ಕೇಳಿದರು. “ಮುಖ ನೋಡ್ಬೇಡಿ, ಗಾಡಿ ನೋಡಿ. ಸಂಬಳ ಗಾಡಿ ರಿಪೇರಿಗೆ,” ಎಂದಳು ಇವಳು. ನನಗೆ ಚಪ್ಪಾಳೆ ತಟ್ಟಬೇಕು ಅನಿಸಿತು, ತಟ್ಟಲಿಲ್ಲ. ಪಾಪ, ಆ ಮನುಷ್ಯ ನನ್ನ ಗಂಡನ ಕಾರನ್ನೂ ನೋಡಿಕೊಡುತ್ತಿದ್ದರು.

ಹಟವೇನೋ ಹಿಡಿದಾಯಿತು, ಬಿಕೋ ಮಾಡಲು ಬರಬೇಕಲ್ಲ. ಏನೇನು ಹಾಕುತ್ತಾರೆ ಎಂದು ರೊವೇನಾಳನ್ನು ಕೇಳಿದಳು. ಅಂಟಕ್ಕಿ, ಕಾಯಿಹಾಲು, ಕಂದು ಸಕ್ಕರೆ, ಕೆಳಗೆ ಹಾಸಲು ಬಾಳೆಲೆ. “ಇಷ್ಟೇನಾ? ಇದು ನಮ್ಮ ಮಣ್ಣಿ ಅಲ್ವಾ!” ಎಂದು ಸ್ವರ್ಣಕ್ಕ ಕುಣಿದಳು. ಮಣ್ಣಿ ಎಂದರೆ ಅಕ್ಕಿ ರುಬ್ಬಿ, ಕಾಯಿಹಾಲು ಬೆಲ್ಲ ಹಾಕಿ ಮಗುಚಿ, ಬಾಳೆಲೆಯ ಮೇಲೆ ಹರಡಿ ತುಂಡು ಮಾಡುವ ಅವರ ಕಡೆಯ ಸಿಹಿ. ಗೊತ್ತಿದ್ದ ದಾರಿ ಎಂದು ಅಂಟಕ್ಕಿಯನ್ನು ನೆನೆಸಿ ಮಿಕ್ಸಿಗೆ ಹಾಕಿ ರುಬ್ಬಿಯೇ ಬಿಟ್ಟಳು. ಅದು ಜಾರಿಗೆ ಅಂಟಿ, ಸೌಟಿಗೆ ಅಂಟಿ, ಕೊನೆಗೆ ಬಾಣಲೆಗೆ ಅಂಟಿ ಪೋಸ್ಟರ್ ಹಚ್ಚುವ ಗೋಂದಾಯಿತು. ರೊವೇನಾ ಸೋಫಾದಲ್ಲಿ ಹೊಟ್ಟೆ ಹಿಡಿದು ನಗುತ್ತಿದ್ದಳು. “ಮಮ್ಮಿ, ನೋ ಗ್ರೈಂಡಿಂಗ್!” ಎಂದಳು. ಮೊದಲೇ ಹೇಳಬಾರದಿತ್ತೇ ಎಂದು ಸ್ವರ್ಣಕ್ಕ ರೇಗಿದರೆ, ಮಮ್ಮಿ ಕೇಳಲೇ ಇಲ್ಲವಲ್ಲ ಎಂದಳು. ಅದೂ ನಿಜ.

ಎರಡನೆಯ ಸಲ ಅಕ್ಕಿಯನ್ನು ಇಡಿಯಾಗಿಯೇ ಬೇಯಿಸಿದಳು. ಅಂಟು, ಬಣ್ಣ, ಹೊಳಪು ಎಲ್ಲ ಬಂತು. ಕೆಳಗಿಳಿಸುವ ಮುಂಚೆ ಅವಳ ಕೈ ತನ್ನಷ್ಟಕ್ಕೆ ಕಪಾಟಿಗೆ ಹೋಗಿ ಒಂದು ಚಮಚ ತುಪ್ಪ, ಎರಡು ಚಿಟಿಕೆ ಏಲಕ್ಕಿ ಪುಡಿ ಹಾಕಿತು. ಮನೆಯೆಲ್ಲ ಘಮಘಮ. ನಾನು ಎರಡು ತುಂಡು ತಿಂದೆ. ರೊವೇನಾ ಒಂದು ತುತ್ತು ತಿಂದು, “ವೆರಿ ನೈಸ್, ಮಮ್ಮಿ” ಎಂದು ತಟ್ಟೆಯನ್ನು ಮೆಲ್ಲಗೆ ಟೀಪಾಯಿಯ ಮೇಲಿಟ್ಟಳು.

ಸ್ವರ್ಣಕ್ಕ ತಟ್ಟೆ ನೋಡಿದಳು, ಅವಳನ್ನು ನೋಡಿದಳು. “ವೈ ನೋ ಈಟಿಂಗ್? ಟೆಲ್ ಮಿ ಟ್ರೂ.”

ರೊವೇನಾ, “ಇಟ್ ಸ್ಮೆಲ್ಸ್ ಲೈಕ್ ಯುವರ್ ಹೌಸ್, ಮಮ್ಮಿ,” ಎಂದಳು. “ನಾಟ್ ಮೈನ್.” ಹೇಳಿದ ಮೇಲೆ ಹೇಳಬಾರದಿತ್ತೇನೋ ಎಂದು ಹೆದರಿ ಸಾರಿ, ಸಾರಿ ಎನ್ನತೊಡಗಿದಳು.

ಆ ಮಾತು ಸ್ವರ್ಣಕ್ಕನಿಗೆ ಚೆನ್ನಾಗಿಯೇ ನಾಟಿತು. ಬೇಜಾರು ಸೊಸೆಯ ಮೇಲಲ್ಲ, ತನ್ನ ಕೈಯ ಮೇಲೆ. ಮರು ಶುಕ್ರವಾರ ಬೆಳಿಗ್ಗೆ ಲತೇಶನ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ಬೊಹೋಲಿಗೆ ವಿಡಿಯೋ ಕಾಲ್ ಮಾಡಿಸಿ, ಇಬ್ಬರು ಬೀಗಿತ್ತಿಯರು ಎದುರುಬದುರು ನಿಂತರು. ನೆನಿತಾಗೆ ಇಂಗ್ಲಿಷು ಅಷ್ಟಕ್ಕಷ್ಟೆ, ಇವಳದು ನರ್ಸರಿ ಇಂಗ್ಲಿಷು. ಆದರೆ ಒಲೆಯ ಮುಂದೆ ನಿಂತ ಹೆಂಗಸರಿಗೆ ಮಾತು ಎಷ್ಟು ಬೇಕು? ಇವಳು ಅಕ್ಕಿ ಎತ್ತಿ ತೋರಿಸುವುದು, ಅವಳು ತಲೆ ಆಡಿಸುವುದು. ಇವಳು ಉರಿ ತೋರಿಸುವುದು, ಅವಳು ಅಂಗೈ ಕೆಳಗೆ ಮಾಡಿ ಇನ್ನೂ ಸಣ್ಣ, ಇನ್ನೂ ಸಣ್ಣ ಎನ್ನುವುದು. ದಪ್ಪ ಕಾಯಿಹಾಲನ್ನು ಬೇರೆಯಾಗಿ ಕುದಿಸಿದರು. ಎಣ್ಣೆ ಬಿಟ್ಟು ತಳದಲ್ಲಿ ಕಂದು ಬಣ್ಣದ ಗಸಿ ಉಳಿಯಿತು. ಬಿಕೋದ ಮೇಲೆ ಉದುರಿಸಲು ಬೇಕಾದದ್ದು ಅದೇ. ಅದನ್ನು ಕಂಡು ಸ್ವರ್ಣಕ್ಕ ಕಿರುಚಿದಳು, “ಕೋಕಿಲಾ, ಇದು ಮಕ್ಕಳಿಗೆ ಹಚ್ಚುವ ತೆಂಗಿನೆಣ್ಣೆ ಕಾಯಿಸುವಾಗ ನಮ್ಮ ಅಮ್ಮ ಬೆಲ್ಲ ಹಾಕಿ ಕೊಡ್ತಾ ಇದ್ದದ್ದು!” ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಆಚೆ ನೆನಿತಾ ಕೂಡ ತನ್ನ ಬೆರಳು ಬಾಯಿಗಿಟ್ಟು ತೋರಿಸಿ ನಕ್ಕಳು.

ಎಲ್ಲ ಸರಿಯಾಗಿ ಬಂತು. ಅನ್ನ ಸಕ್ಕರೆಪಾಕದ ಜೊತೆ ಬಾಣಲೆಯ ಅಂಚು ಬಿಡುವಾಗ ಇವಳ ಕೈ ಮತ್ತೆ ಕಪಾಟಿಗೆ ಹೋಯಿತು. ಫೋನಿನೊಳಗಿನಿಂದ “ನೋ! ನೋ! ನೋ!” ಎಂದು ಎಂಥ ಕೂಗು ಬಂತೆಂದರೆ ಪಕ್ಕದ ಫ್ಲ್ಯಾಟಿನ ಜುಬೈದ ಏನಾಯಿತೆಂದು ಬಾಗಿಲು ಬಡಿದರು. ಏಲಕ್ಕಿ ಡಬ್ಬಿ ನನ್ನ ಮನೆಗೆ ಬಂದದ್ದು ಅವತ್ತೇ.

ಡಬ್ಬಿ ಕೊಟ್ಟು ಹೋಗಲಿಲ್ಲ, ನನ್ನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ಇಷ್ಟು ಹಟ ಏಕೆ ಸ್ವರ್ಣಕ್ಕ ಎಂದು ಕೇಳಿದೆ.

“ಲತೇಶ ಹೊಟ್ಟೆಯಲ್ಲಿದ್ದಾಗ ನಂಗೂ ಬಯಕೆ ಮಾಡಿದ್ರು. ಅಮ್ಮ ಮಣ್ಣಿ ಮಾಡಿ ತಲೆ ಮೇಲೆ ಹೊತ್ಕೊಂಡು ಬಂದಿದ್ರು, ಅಷ್ಟು ದೂರ ನಡೆದು. ಅಪ್ಪ ತೀರಿಹೋಗಿ ಸ್ವಲ್ಪ ದಿನ ಆಗಿತ್ತು. ಗಂಡ ಇಲ್ಲದವಳು ಶುಭಕ್ಕೆ ಒಳಗೆ ಬರ್ಬಾರ್ದು ಅಂತ ಅಂಗಳದಲ್ಲೇ ನಿಲ್ಲಿಸಿದ್ರು. ನನ್ನ ಅತ್ತೆ ಬೆಲ್ಲ, ನೀರು ಹಿಡ್ಕೊಂಡು ಹೊರಟಿದ್ರು, ಸುಳ್ಳು ಹೇಳ್ಬಾರ್ದು. ಗುಲಾಬಕ್ಕ ಅವರ ಕೈಯಿಂದ ಚೊಂಬು ತಕ್ಕೊಂಡು ಒಳಗೆ ಇಟ್ರು. ನಾನು ಎಲೆ ಮುಂದೆ ಕೂತವಳು, ಏಳುವ ಹಾಗಿಲ್ಲ. ಕಿಟಕಿಯಲ್ಲಿ ಅಮ್ಮ ಕಾಣ್ತಾ ಇದ್ರು. ಮಣ್ಣಿ ಎಲೆಗೆ ಬರ್ಲೇ ಇಲ್ಲ, ಆಳುಗಳಿಗೆ ಕೊಟ್ರಂತೆ.” ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. “ಆಗ ನಂಗೆ ಬಾಯಿ ಇರ್ಲಿಲ್ಲ. ಈಗ ಉಂಟು.”

ಗುಲಾಬಕ್ಕ ಬರಲಾರರು ಎಂದುಕೊಂಡಿದ್ದೆ. ಬಂದರು. ತಾವು ಬಿಟ್ಟ ಜಾಗದಲ್ಲಿ ಬೇರೆಯವರ ಸಿಹಿ ಕೂರುತ್ತದೆ ಎಂದರೆ ಅವರು ಮನೆಯಲ್ಲಿ ಕೂರುವ ಜೀವವಲ್ಲ. ಬಯಕೆಯ ದಿನ ಬೆಳಿಗ್ಗೆಯೇ ಸ್ವರ್ಣಕ್ಕ ಬಿಕೋದ ತಟ್ಟೆಯನ್ನು ತಂದು ನನ್ನ ಮನೆಯಲ್ಲಿಟ್ಟಿದ್ದಳು. ತನ್ನ ಮನೆಯಲ್ಲೇ ಇದ್ದರೆ ಯಾರಾದರೂ ಕೈಯಾಡಿಸುತ್ತಾರೆ ಎಂದಳು. ನಾನೂ ನಂಬಿದೆ.

ಲಿಫ್ಟಿನಿಂದ ಗುಲಾಬಕ್ಕ ಇಳಿದರು. ಹಿಂದೆ ಡ್ರೈವರ್, ಅವನ ಕೈಯಲ್ಲಿ ಸಿಹಿಯ ಹರಿವಾಣಗಳು. ಸ್ವರ್ಣಕ್ಕ ಹೊಸಿಲಲ್ಲಿ ನಿಂತು, ಹಿತ್ತಾಳೆಯ ಚೊಂಬು, ತಟ್ಟೆಯಲ್ಲಿ ಬೆಲ್ಲದ ತುಂಡು ಹಿಡಿದು, ಬಹಳ ವಿನಯದಿಂದ, “ಬೆಲ್ಲ, ನೀರು ತಕ್ಕೊಳ್ಳಿ ಅಕ್ಕ” ಎಂದಳು.

“ಇದೆಂತ ಹೊಸತು? ತಮ್ಮನ ಮನೆಗೆ ನಾನು ನೆಂಟಳಾ?” ಎಂದು ಗುಲಾಬಕ್ಕ ಚೊಂಬನ್ನು ಕೈಯಿಂದ ಸರಿಸಿ, ಯಾವತ್ತಿನಂತೆ ನೇರ ಅಡುಗೆಮನೆಗೆ ನಡೆದರು.

ಸ್ವರ್ಣಕ್ಕ ಇನ್ನೊಂದು ಸಲ ಕರೆಯಲಿಲ್ಲ. ಚೊಂಬನ್ನು ಬಾಗಿಲ ಒಳಗಿನ ಮೇಜಿನ ಮೇಲಿಟ್ಟಳು. ಅವಳ ತುಟಿಯ ಮೂಲೆಯಲ್ಲಿ ಒಂದು ಸಣ್ಣ ನಗು ಇತ್ತು. ಆಗ ನನಗೆ ಗೊತ್ತಾಯಿತು, ಈ ಹೆಂಗಸು ಏನೋ ಹೂಡಿದ್ದಾಳೆ.

ಉಳಿದ ಹೆಂಗಸರೂ ಸೇರಿದರು. ರೊವೇನಾ ಹಸಿರು ಸೀರೆಯಲ್ಲಿ, ಮುಡಿ ತುಂಬ ಮಲ್ಲಿಗೆ ಮುಡಿದು ಎಲೆಯ ಮುಂದೆ ಕೂತಳು. ಎದುರಿಗೆ ಲತೇಶ ಫೋನು ಹಿಡಿದಿದ್ದ, ಅದರೊಳಗೆ ನೆನಿತಾ ಒಳ್ಳೆಯ ಅಂಗಿ ಹಾಕಿಕೊಂಡು ಕೂತಿದ್ದಳು. ಗುಲಾಬಕ್ಕ ತಮ್ಮ ಹರಿವಾಣದಿಂದ ಒಂದು ಲಾಡು ಎತ್ತಿ, “ಯಲ್ಲಾ, ಶುರು ಮಾಡುವ. ತವರಿನ ಸಿಹಿ ಮೊದಲು,” ಎಂದು ಅರಬಿ ಬೆರೆಸಿ ಅವಸರ ಮಾಡಿದರು.

“ಕೋಕಿಲಾ, ಬನ್ನಿ,” ಎಂದು ಸ್ವರ್ಣಕ್ಕ ನನ್ನನ್ನು ಎಳೆದುಕೊಂಡು ಹೊರಗೆ ಬಂದಳು. ನನ್ನ ಮನೆಗೆ ಹೋದಳು. ಚಪ್ಪಲಿ ಹಾಕಿಕೊಂಡಳು. ಬಿಕೋದ ತಟ್ಟೆಯನ್ನು ಎತ್ತಿ ಸೆರಗು ಸರಿಮಾಡಿಕೊಂಡು ತಲೆಯ ಮೇಲಿಟ್ಟಳು. ಕಾರಿಡಾರ್ ದಾಟಿ ತನ್ನದೇ ಮನೆಯ ಬಾಗಿಲ ಹೊರಗೆ ನಿಂತು, ಬೆಲ್ ಒತ್ತಿದಳು.

ಬಾಗಿಲು ತೆರೆದೇ ಇತ್ತು. ಒಳಗಿದ್ದವರೆಲ್ಲ ತಿರುಗಿ ನೋಡಿದರು.

“ತವರಿನವರು ಬಂದಿದ್ದಾರೆ,” ಎಂದಳು ಸ್ವರ್ಣಕ್ಕ ಗಟ್ಟಿಯಾಗಿ. “ಬೊಹೋಲಿನಿಂದ. ನೆನಿತಾ ಕಳಿಸಿದ್ದು.”

“ಎಂತ ನಾಟಕ ಇದು? ಒಳಗೆ ಬಾ!” ಎಂದರು ಗುಲಾಬಕ್ಕ.

“ಬೆಲ್ಲ, ನೀರು ಕೊಡದೆ ತವರಿನವರನ್ನು ಒಳಗೆ ಕರೆಯುವ ಕ್ರಮ ಉಂಟಾ ಈ ಕುಟುಂಬದಲ್ಲಿ?”

“ತವರು ನಾವು! ಧಾರೆ ಎರೆದದ್ದು ನಾವು!”

“ಹಾಗಾದ್ರೆ ಬಾಗಿಲಲ್ಲಿ ಬೆಲ್ಲ, ನೀರು ಕೊಟ್ಟಾಗ ಯಾಕೆ ತಕ್ಕೊಳ್ಳಲಿಲ್ಲ? ನಾನು ನೆಂಟಳಾ ಅಂತ ಎಲ್ಲರ ಎದುರು ಕೇಳಿದ್ರಿ. ನೆಂಟಳಲ್ಲ ಅಂದ್ರೆ ಗಂಡಿನ ಕಡೆ. ಗಂಡಿನ ಕಡೆಯಲ್ಲಿ ಹಿರಿಯವರು ನೀವೇ. ಚೊಂಬು ಅಲ್ಲೇ ಮೇಜಿನ ಮೇಲೆ ಉಂಟು.”

ಗುಲಾಬಕ್ಕ ಚೊಂಬಿನ ಕಡೆ ನೋಡಿದರು. ಕೈಯಲ್ಲಿ ಲಾಡು ಹಾಗೇ ಇತ್ತು. ಬೇರೆ ಯಾವುದಕ್ಕೂ ಅವರು ಬಗ್ಗುತ್ತಿರಲಿಲ್ಲ, ಕ್ರಮಕ್ಕೆ ಮಾತ್ರ ಅವರು ಜೀವಮಾನವಿಡೀ ಬಗ್ಗಿದವರು, ಬೇರೆಯವರನ್ನೂ ಬಗ್ಗಿಸಿದವರು. ಕೊನೆಗೆ ತಮ್ಮನ ಕಡೆ ತಿರುಗಿದರು. “ಶೀನ! ಹೇಳು ನಿನ್ನ ಹೆಂಡ್ತಿಗೆ!”

ಶೀನಪ್ಪನವರು ಬೆವರು ಒರೆಸಿಕೊಂಡರು. ಅಕ್ಕನನ್ನು ನೋಡಿದರು, ಬಾಗಿಲನ್ನು ನೋಡಿದರು. “ನಾನೆಂತ ಹೇಳುದು ಅಕ್ಕ?” ಎಂದರು. “ಈಗ ಅವಳು ನನ್ನ ಹೆಂಡ್ತಿ ಅಲ್ಲ, ತವರಿನವಳು. ತವರಿನವರಿಗೆ ಎದುರು ಮಾತಾಡಿದ್ರೆ ನಮ್ಮ ಮರ್ಯಾದೆ ಹೋಗ್ತದೆ.”

ಈ ಮನುಷ್ಯನಿಗೆ ಇಷ್ಟು ಧೈರ್ಯ ಎಲ್ಲಿತ್ತೋ! ಮುಂದಿನ ಸಲ ಕಾರು ಕೆಟ್ಟರೆ ನಾನೇ ಹೋಗಿ ಟೀ ಮಾಡಿಕೊಟ್ಟು ಬರುತ್ತೇನೆ ಎಂದುಕೊಂಡೆ.

ಅಕ್ಕಪಕ್ಕದ ಬಾಗಿಲು ತೆರೆದವು. ಜುಬೈದ ಒಂದು ಕುರ್ಚಿ ತಂದು, “ಕೂತ್ಕೊಳ್ಳಿ ಸ್ವರ್ಣಕ್ಕ, ಎಷ್ಟು ಹೊತ್ತು ನಿಲ್ತೀರಿ?” ಎಂದರು. ಸ್ವರ್ಣಕ್ಕ ಬೇಡ ಎಂದಳು. “ನಿಲ್ತೇನೆ. ನಿಂತವರು ಇದ್ದಾರೆ, ಇದಕ್ಕಿಂತ ಜಾಸ್ತಿ ಹೊತ್ತು, ಬಿಸಿಲಲ್ಲಿ.” ಧ್ವನಿ ಏರಿಸಲಿಲ್ಲ. ಕಣ್ಣು ಮಾತ್ರ ಗುಲಾಬಕ್ಕನ ಮುಖದಿಂದ ಕದಲಲಿಲ್ಲ. ಗುಲಾಬಕ್ಕನಿಗೆ ಆ ಅಂಗಳ ನೆನಪಾಯಿತು ಎಂದು ನನಗೆ ಖಾತ್ರಿ. ಅವರ ಮುಖದ ಬಣ್ಣ ಬದಲಾದದ್ದನ್ನು ನಾನು ನೋಡಿದೆ.

ಒಳಗೆ ರೊವೇನಾ ಎಲೆಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಅವಳಿಗೆ ಭಾಷೆ ಅರ್ಧ ತಿಳಿಯಿತೋ, ಕಾಲು ತಿಳಿಯಿತೋ. ಯಾರೋ ಅವಳಿಗೆ ಮೆಲ್ಲಗೆ, “ಅಕ್ಷಿತಾ, ನೀನಾದ್ರೂ ಮಮ್ಮಿಗೆ ಬರ್ಲಿಕ್ಕೆ ಹೇಳು” ಎಂದರು. ಅವಳು ಎದುರಿನ ಫೋನಿನಲ್ಲಿದ್ದ ತಾಯಿಯನ್ನು ನೋಡಿ, ಬಾಗಿಲಲ್ಲಿದ್ದ ಅತ್ತೆಯನ್ನು ನೋಡಿ, “ಮೈ ನೇಮ್ ಈಸ್ ರೊವೇನಾ. ಐ ವಿಲ್ ವೇಟ್,” ಎಂದಳು. ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕಾಯುತ್ತಾ ಕೂತಳು.

ಗುಲಾಬಕ್ಕ ಲಾಡನ್ನು ಹರಿವಾಣಕ್ಕೆ ಹಾಕಿದರು. ಕೈ ಒರೆಸಿಕೊಂಡರು. ಮೇಜಿನ ಹತ್ತಿರ ಹೋಗಿ ಚೊಂಬು ಎತ್ತಿ, ಬೆಲ್ಲದ ತಟ್ಟೆ ಹಿಡಿದು ಹೊಸಿಲಿಗೆ ಬಂದರು. “ಇದು ಕ್ರಮಕ್ಕೆ. ನಿಂಗಲ್ಲ,” ಎಂದು ಹಲ್ಲು ಕಚ್ಚಿ ಹೇಳಿದರು.

“ಕ್ರಮಕ್ಕೇ ಬಂದದ್ದು,” ಎಂದಳು ಸ್ವರ್ಣಕ್ಕ.

ತಲೆಯ ಮೇಲಿನ ತಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಬೆಲ್ಲದ ತುಂಡನ್ನು ಬಾಯಿಗೆ ಹಾಕಿ, ಚೊಂಬೆತ್ತಿ ನೀರು ಕುಡಿದಳು. ಗಟಗಟ ಎಂದು ಪೂರ್ತಿ ಕುಡಿದಳು. ನೀರು ಗಲ್ಲದಿಂದ ಕುತ್ತಿಗೆಗೆ ಇಳಿದು ರವಿಕೆ ನೆನೆದರೂ ನಿಲ್ಲಿಸಲಿಲ್ಲ. ತನಗೆ ಮಾತ್ರ ಬೇಕಾದ ನೀರನ್ನು ಯಾರೂ ಹಾಗೆ ಕುಡಿಯುವುದಿಲ್ಲ. ನನಗೆ ಅಳು ಬಂತು.

ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಬಾಳೆಲೆಯ ನಡುವೆ ಮೊದಲು ಬಿಕೋ ಬಡಿಸಿದಳು. ಒಂದು ತುತ್ತು ಮುರಿದು ರೊವೇನಾಳ ಬಾಯಿಗಿಟ್ಟಳು. ರೊವೇನಾ ಕಣ್ಣು ಮುಚ್ಚಿ ಅಗಿದಳು. ಈ ಸಲ ನೈಸ್ ಎನ್ನಲಿಲ್ಲ. ಇನ್ನೊಂದು ತುತ್ತಿಗೆ ಬಾಯಿ ತೆರೆದಳು. ಫೋನಿನೊಳಗೆ ನೆನಿತಾ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು.

ತವರಿನ ಸಿಹಿಯನ್ನು ಗಂಡಿನ ಮನೆಯ ಹಿರಿಯರೂ ಬಾಯಿಗಿಡಬೇಕು, ಅದೂ ಅವರದೇ ಕ್ರಮ. ಸ್ವರ್ಣಕ್ಕ ಒಂದು ತುಂಡನ್ನು ಬಾಳೆಲೆಯ ಚೂರಿನಲ್ಲಿಟ್ಟು ಗುಲಾಬಕ್ಕನ ಮುಂದೆ ಹಿಡಿದಳು. ಗುಲಾಬಕ್ಕ ಉಗುರಿನಷ್ಟು ಚಿವುಟಿ ಬಾಯಿಗೆ ಹಾಕಿದರು. ಅಗಿದರು. ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದರು. ಅವರು ಮೂಗೆತ್ತಿ, “ಏಲಕ್ಕಿ ಹಾಕಲಿಲ್ಲ,” ಎಂದರು.

ಸ್ವರ್ಣಕ್ಕ ಅವರ ಕಣ್ಣಿಗೆ ಕಣ್ಣಿಟ್ಟು ಹೇಳಿದಳು.

“ನಮ್ಮ ಊರಲ್ಲಿ ಹಾಕುವ ಕ್ರಮ ಇಲ್ಲ.”